ಚೆಲುವಯ್ಯನ ದಾರಿ ಹುಡುಕುವ ಮಿಷನ್ನು

ಗುಡೇಮಾರನಹಳ್ಳಿಯ ಚೆಲುವಯ್ಯನನ್ನು ಕೋಪಿಷ್ಠ ಎಂದು ಕರೆದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆ ಊರಿನಲ್ಲಿ ಕೋಪ ಬಾರದವರು ಯಾರಿದ್ದಾರೆ? ವ್ಯತ್ಯಾಸ ಇಷ್ಟೇ. ಉಳಿದವರು ಕಾರಣ ಸಿಕ್ಕ ಮೇಲೆ ರೇಗುತ್ತಿದ್ದರು. ಚೆಲುವಯ್ಯ ಮೊದಲು ರೇಗಿ, ಆಮೇಲೆ ಬಿಡುವು ಮಾಡಿಕೊಂಡು ಕಾರಣ ಹುಡುಕುತ್ತಿದ್ದ.

ಆ ಸೋಮವಾರ ಕುದೂರಿನ ಗೌಸ್‌ನ ಟೀ ಅಂಗಡಿಯಲ್ಲಿ ಮಾತ್ರ ಕಾರಣ ತಾನಾಗಿ ಬಂದು ಎದುರಿಗೆ ಕೂತಿತ್ತು. ಅದರ ಹೆಸರು ಸ್ವಾಮಿ. ಅವನ ಮಗಳು ಲತಾಮಣಿಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿ ಒಂದು ವಾರವಾಗಿತ್ತು. ಆ ಒಂದು ವಾರದಲ್ಲಿ ಸ್ವಾಮಿ ಬೇರೆ ಯಾವ ಮಾತನ್ನೂ ಆಡಿರಲಿಲ್ಲ.

“ಟಿಕೆಟ್ ಮಿಷನ್ ಹಿಡ್ಕಂಡು ನನ್ ಮಗ್ಳು ನಿಂತ್ಲು ಅಂದ್ರೆ ಡ್ರೈವರೂ ಉಸಿರೆತ್ತಲ್ಲ,” ಎಂದ ಸ್ವಾಮಿ. “ಅಲ್ಲಾ ಚೆಲುವಣ್ಣ, ನಿಮ್ ನಯನಂದು ಇಂಜಿನಿಯರಿಂಗು ಇನ್ನೂ ಮುಗಿದಿಲ್ವಾ? ಏನ್ ಮಾಡ್ತಾವ್ಳೆ ಅಲ್ಲಿ?”

ನಯನ ಏನು ಮಾಡುತ್ತಿದ್ದಾಳೆ ಎಂಬುದು ಚೆಲುವಯ್ಯನಿಗೂ ಸರಿಯಾಗಿ ಗೊತ್ತಿರಲಿಲ್ಲ. ಹದಿನೈದು ದಿನದ ಹಿಂದೆ ಅವಳು ಫೋನಿನಲ್ಲಿ, “ಮೇಜ್ ಸಾಲ್ವ್ ಮಾಡೋ ರೋಬೋ ಮಾಡ್ತಿದೀವಿ ಅಪ್ಪಾ,” ಎಂದಿದ್ದಳು. ಮಗಳು ಮೇಜು ಮಾಡುತ್ತಿದ್ದಾಳೆ ಎಂದು ಚೆಲುವಯ್ಯ ಹೆಂಡತಿಗೆ ಹೇಳಿದ. ಹೆಂಡತಿ ಪುಟ್ಟಗೌರಮ್ಮ, “ಮೇಜು ಮಾಡಕ್ಕೆ ಕಾಲೇಜ್ಗೆ ಯಾಕ್ ಹೋಗ್ಬೇಕು, ಮಾಗಡೀಲಿ ಬಡಗಿಗಳಿಲ್ವಾ?” ಎಂದು ಕೇಳಿದಳು. ಸಿಟ್ಟು ಬಂದು ಮಗಳಿಗೆ ಮತ್ತೆ ಫೋನ್ ಮಾಡಿದ. ಅವಳಿಗೂ ಸಿಟ್ಟು ಬಂತು.

“ಮೇಜಲ್ಲಪ್ಪಾ! ಸುತ್ತ ಗೋಡೆ ಇರ್ತದೆ, ಒಳಗೆ ಸಂದಿಗೊಂದಿ ದಾರಿ ಇರ್ತದೆ, ಚಕ್ರವ್ಯೂಹ ಇದ್ದಂಗೆ. ಅದ್ರೊಳಗೆ ನಮ್ಮ ರೋಬೋ ಬಿಟ್ರೆ ತಾನೇ ದಾರಿ ಹುಡುಕ್ಕೊಂಡು ಆಚೆ ಬರ್ಬೇಕು.”

ಇಷ್ಟು ಉದ್ದದ ಮಾತಿನಲ್ಲಿ ಚೆಲುವಯ್ಯನ ತಲೆಯಲ್ಲಿ ಉಳಿದದ್ದು ಎರಡೇ ಪದ. ಅವನ್ನೇ ಈಗ ಸ್ವಾಮಿಯ ಮುಖದ ಮೇಲೆ ಎಸೆದ.

“ದಾರಿ ಹುಡ್ಕೋ ಮಿಷನ್ ಮಾಡವ್ಳೆ! ಕಣ್ಣೈತೆ, ಮಿದುಳೈತೆ. ದಾರಿ ಗೊತ್ತಾಗ್ದೆ ಇರೋ ಕಡೆ ತಗೊಂಡೋಗಿ ಬುಟ್ರೆ ಸಾಕು. ಯಾರ್ನೂ ಕೇಳಂಗಿಲ್ಲ.”

ಟೀ ಸೋಸುತ್ತಿದ್ದ ಗೌಸ್ ತಲೆ ಎತ್ತಿದ. “ಮುಚ್ಚೋಗಿರೋ ದಾರೀನೂ ಹುಡುಕ್ತದಾ ಅಣ್ಣ?”

“ಮುಚ್ಚೋಗಿರೋದ್ನೇ ಮೊದ್ಲು ಹುಡ್ಕೋದು!”

ಮೂಲೆಯ ಬೆಂಚಿನಲ್ಲಿ ಒಬ್ಬ ಮನುಷ್ಯ ಅರ್ಧ ಲೋಟ ಟೀ ಬಿಟ್ಟು ಎದ್ದ. ಅವನು ಚಿಕ್ಕಯ್ಯ, ಚೆಲುವಯ್ಯನ ಊರಿನವನೇ, ಪಕ್ಕದ ಹೊಲದವನೇ. ಚೆಲುವಯ್ಯನ ದನದ ಕೊಟ್ಟಿಗೆಗೂ ಚಿಕ್ಕಯ್ಯನ ರಾಗಿ ಹೊಲಕ್ಕೂ ನಡುವೆ ಕೆರೆಗೆ ಹೋಗುವ ಒಂದು ಬಂಡಿದಾರಿ ಇತ್ತು. ‘ಇತ್ತು’ ಎನ್ನುವುದನ್ನು ಒತ್ತಿ ಹೇಳಬೇಕು. ಆರು ವರ್ಷದ ಹಿಂದೆ ಚಿಕ್ಕಯ್ಯ ಅಲ್ಲಿ ಸಾಲಾಗಿ ಕಲ್ಲುಚಪ್ಪಡಿ ನೆಟ್ಟು ಬೇಲಿ ಮಾಡಿದ. ಈಗ ಉಳಿದಿದ್ದ ಸಂದಿಯಲ್ಲಿ ಒಂದು ಕುರಿ ಹೋಗಬಹುದಿತ್ತು, ಎರಡನೆಯ ಕುರಿ ಯೋಚನೆ ಮಾಡಬೇಕಿತ್ತು. ದಾರಿ ಏನಾಯಿತಪ್ಪಾ ಎಂದು ಯಾರಾದರೂ ಕೇಳಿದರೆ ಚಿಕ್ಕಯ್ಯ, “ಯಾವ್ ದಾರಿ?” ಎನ್ನುತ್ತಿದ್ದ.

ಚೆಲುವಯ್ಯ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಚಿಕ್ಕಯ್ಯ ಬೈಕಿನಲ್ಲಿ ಬಂದು, ಅವನ ಜಗಲಿಯ ಮುಂದೆ ನಿಂತು, ಒಬ್ಬನೇ ಅರ್ಧ ಜಗಳ ಮುಗಿಸಿಬಿಟ್ಟಿದ್ದ.

“ಏನ್ಲಾ ಚೆಲ್ವ, ನನ್ ಹೊಲಕ್ಕೆ ಮಿಷನ್ ಬುಡ್ತೀಯಾ?”

ಅದು ಹುಡುಗರು ಕಾಲೇಜಿಗೆ ಮಾಡಿಕೊಂಡಿರುವ ವಸ್ತು, ನಿನ್ನ ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಚೆಲುವಯ್ಯ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಅಕ್ಕಪಕ್ಕದ ಐದು ಮನೆಯವರು ಬಾಗಿಲಿಗೆ ಬಂದಿದ್ದರು. ಐದು ಮನೆಯವರ ಎದುರಿಗೆ ಸಂಬಂಧವಿಲ್ಲ ಎನ್ನುವ ಗಂಡಸು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

“ಬುಡ್ತೀನಿ ಕಣ್ಲಾ! ಭಾನುವಾರ ಬುಡ್ತೀನಿ!”

“ಬುಡು ನೋಡಾನ! ಅದ್ರ ಕಾಲು ಮುರೀತೀನಿ!”

“ಅದುಕ್ಕೆ ಕಾಲಿಲ್ಲ, ಚಕ್ರ ಐತೆ!”

“ಚಕ್ರನೇ ಮುರೀತೀನಿ!”

ಚಿಕ್ಕಯ್ಯ ಹೋದ ಸ್ವಲ್ಪ ಹೊತ್ತಿಗೆ ಭದ್ರಮ್ಮ ಬಂದಳು. ನಲವತ್ತು ಕುರಿ ಸಾಕಿಕೊಂಡು ಒಬ್ಬಳೇ ಬದುಕುತ್ತಿದ್ದ ಹೆಂಗಸು. ಬಂಡಿದಾರಿ ಮುಚ್ಚಿದ ಮೇಲೆ ಕುರಿಗಳನ್ನು ಕೆರೆಗೆ ಹೊಡೆಯಲು ಅವಳು ದೊಡ್ಡ ರಸ್ತೆ ಸುತ್ತಿ ಹೋಗಬೇಕಾಗಿತ್ತು.

“ಚೆಲುವಣ್ಣ, ಮಿಷನ್ ತರಿಸ್ತಾ ಇದೀಯಂತೆ,” ಎಂದಳು. “ಹೋದ್ ವರ್ಷ ರೋಡ್ನಾಗೆ ಎರಡು ಮರಿ ಲಾರಿ ಚಕ್ರಕ್ಕೆ ಸಿಕ್ಕೋದ್ವು. ಆರು ವರ್ಷದಿಂದ ಆ ಸರ್ವೆ ಆಫೀಸಿಗೆ ಅರ್ಜಿ ಕೊಟ್ಟು ಕೊಟ್ಟು ನನ್ ಚಪ್ಲಿ ಸವೆದೋಯ್ತು. ನಿನ್ ಮಗ್ಳು ಚೆನ್ನಾಗಿರ್ಲಿ. ಭಾನುವಾರ ಕುರಿನೆಲ್ಲಾ ಹೊಡ್ಕಂಡೇ ಬತ್ತೀನಿ.”

ಚೆಲುವಯ್ಯ ಬಾಯಿ ತೆರೆದ. ಭದ್ರಮ್ಮ ಕೈ ಮುಗಿದಳು. ಚೆಲುವಯ್ಯ ಬಾಯಿ ಮುಚ್ಚಿದ.

ಗುರುವಾರ ಅವನಿಗೆ ಸರ್ವೆ ಕಚೇರಿಯಿಂದ ಕರೆ ಬಂತು. ಅದು ಯಾವ ಊರಿನ ಕಚೇರಿ ಎಂದು ಹೇಳುವ ಅಗತ್ಯವಿಲ್ಲ. ಬೆಂಚು ಎಲ್ಲ ಕಡೆಯೂ ಒಂದೇ ಥರ ಇರುತ್ತದೆ, ಕಾಯುವವರ ಮುಖವೂ ಒಂದೇ ಥರ ಇರುತ್ತದೆ. ಚಿಕ್ಕಯ್ಯ ಅಲ್ಲಿಗೆ ಹೋಗಿ, ಖಾಸಗಿ ಯಂತ್ರ ತಂದು ತನ್ನ ಜಮೀನಿನಲ್ಲಿ ಅಕ್ರಮ ಸರ್ವೆ ನಡೆಸಲಿದ್ದಾರೆ ಎಂದು ದೂರು ಬರೆದುಕೊಟ್ಟಿದ್ದ. ಸರ್ವೇಯರ್ ಗಣೇಶ್ ಆ ಕಾಗದವನ್ನು ಮೇಜಿನ ಮೇಲೆ ಕುಟ್ಟಿದ.

“ಯಾವ ಕಂಪನಿ ಮಿಷನ್ನು?”

“ನನ್ ಮಗಳ್ದು ಸಾ.”

“ಲೈಸೆನ್ಸ್ ಇದೆಯಾ?”

“ಐತೆ ಸಾ. ಸ್ಕೂಟರ್‌ದು.”

ಗಣೇಶನ ಕಿವಿ ಕೆಂಪಾಯಿತು. “ಸ್ಯಾಟಲೈಟ್ ಕನೆಕ್ಷನ್ ಇದೆಯಾ ಅದಕ್ಕೆ?”

ಚೆಲುವಯ್ಯನಿಗೆ ಗೊತ್ತಿರಲಿಲ್ಲ. ಮಗಳ ಮಿಷನ್ನಿಗೆ ಏನೋ ಒಂದು ಇಲ್ಲ ಎಂದು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದು ಹೇಗೆ? “ಇರ್ಬೇಕು ಸಾ. ಒಳ್ಳೇ ಕನೆಕ್ಷನ್ನೇ ಹಾಕಿರ್ತಾಳೆ.”

ಗಣೇಶ್ ಎದ್ದು ನಿಂತ. “ಇಪ್ಪತ್ತೊಂದು ವರ್ಷ ಬಿಸಿಲಲ್ಲಿ ಅಳತೆ ಸರಪಳಿ ಎಳ್ದಿದೀನಿ ನಾನು! ನಮ್ಮ ಆಫೀಸಿಗೆ ಬಂದಿರೋ ಸ್ಯಾಟಲೈಟ್ ಮಿಷನ್ನು ಮೂರು ತಿಂಗಳಿಂದ ರಿಪೇರೀಲಿದೆ. ನಿಮ್ಮ ಹುಡುಗಿ ಕಾಲೇಜಲ್ಲಿ ಕೂತು ದಾರಿ ಹುಡುಕ್ತಾಳಾ? ಭಾನುವಾರ ನಾನೇ ಬರ್ತೀನಿ. ನಕಾಶೆ ಸಮೇತ ಬರ್ತೀನಿ. ಆ ಮಿಷನ್ನ ಸೀಜ್ ಮಾಡ್ತೀನಿ!”

ಹೀಗೆ, ಭದ್ರಮ್ಮನ ಅರ್ಜಿಗೆ ಆರು ವರ್ಷ ಕೆಲಸದ ದಿನಗಳಲ್ಲಿ ಬಾರದಿದ್ದ ಸರ್ವೇಯರು, ರಜೆಯ ದಿನ ಬರಲು ತಯಾರಾದ.

ಶನಿವಾರ ಮಧ್ಯಾಹ್ನ ನಯನ ಬಂದಳು. ಜೊತೆಗೆ ಅವಳ ತಂಡದ ಇಬ್ಬರು, ರಾಮನಗರದ ಜಾರಾ ಮತ್ತು ಚನ್ನಪಟ್ಟಣದ ಪುನೀತ್. ಸೋಮವಾರ ಕಾಲೇಜಿನಲ್ಲಿ ರೋಬೋ ಓಡಿಸಿ ತೋರಿಸಬೇಕಿತ್ತು. “ಊರಿಗೇ ಬಂದು ಮಾಡ್ಕಳ್ಳಿ, ಜಾಗ ಐತೆ, ಬಸ್ಸಾರು ಮುದ್ದೆ ಐತೆ,” ಎಂದು ಅಪ್ಪ ಎಂದೂ ಇಲ್ಲದ ಪ್ರೀತಿಯಿಂದ ಕರೆದಿದ್ದನ್ನು ನಯನ ನಂಬಿದ್ದಳು.

ಪುನೀತ್ ಒಂದು ಚಪ್ಪಲಿ ಡಬ್ಬ ತೆಗೆದು ಹೊರಗಿಟ್ಟ. ಅದರೊಳಗಿಂದ ಟಿಫನ್ ಬಾಕ್ಸಿನಷ್ಟು ದೊಡ್ಡ ಒಂದು ವಸ್ತು ಬಂತು. ಎರಡು ಮರದ ಚಕ್ರ, ಒಂದಿಷ್ಟು ವೈರು, ಮುಂದೆ ಮತ್ತು ಎರಡು ಪಕ್ಕಗಳಲ್ಲಿ ಜೋಡಿ ಜೋಡಿ ಗುಂಡು ಕಣ್ಣು.

ಚೆಲುವಯ್ಯ ಅದನ್ನು ನೋಡಿದ. ಖಾಲಿ ಡಬ್ಬವನ್ನೂ ನೋಡಿದ.

“ಉಳಿದಿದ್ದು ನಾಳೆ ಲಾರೀಲಿ ಬತ್ತದಾ?”

“ಯಾವ ಉಳಿದಿದ್ದು? ಇಷ್ಟೇ ಅಪ್ಪಾ.”

“ಇದು... ಹೊಲದಾಗೆ ಓಡ್ತದಾ?”

“ಹೊಲ ಯಾಕೆ? ಇದು ಟೈಲ್ಸ್ ಮೇಲೇ ನೆಟ್ಟಗೆ ಓಡ್ತಿಲ್ಲ.”

“ಸುಮ್ನೆ ಕೇಳ್ದೆ,” ಎಂದು ಚೆಲುವಯ್ಯ ಎದ್ದು ಹೋಗಿ, ಯಾವ ತಪ್ಪೂ ಮಾಡದ ಎಮ್ಮೆಗೆ ಬೈದ.

ಹಜಾರದ ತುಂಬ ರಟ್ಟಿನ ಗೋಡೆ ನಿಲ್ಲಿಸಿ ಮೂವರೂ ಕೂತರು. ರೋಬೋ ಬಾವಲಿಯ ಹಾಗೆ ನಮಗೆ ಕೇಳದ ಶಬ್ದ ಕಳಿಸುತ್ತಿತ್ತು. ಗೋಡೆಗೆ ಬಡಿದು ವಾಪಸ್ ಬಂದದ್ದನ್ನು ಕೇಳಿ, ಗೋಡೆ ಎಷ್ಟು ದೂರವಿದೆ ಎಂದು ತಿಳಿಯುತ್ತಿತ್ತು. ಎಡಗಡೆಯ ಗೋಡೆ ಹಿಡಿದು ಸಾಗಬೇಕು, ಮುಂದೆ ಮುಚ್ಚಿದ್ದರೆ ತಿರುಗಿ ಬರಬೇಕು ಎಂದು ನಯನ ಅದಕ್ಕೆ ಪ್ರೋಗ್ರಾಮ್ ಬರೆದಿದ್ದಳು. ರೋಬೋ ನಾಲ್ಕು ಹೆಜ್ಜೆ ಸರಿಯಾಗಿ ಹೋಗಿ, ಆಮೇಲೆ ಬಲಕ್ಕೆ ವಾಲಿ, ರಟ್ಟಿಗೆ ಗುದ್ದಿ ನಿಲ್ಲುತ್ತಿತ್ತು.

“ಪ್ರೋಗ್ರಾಮ್ ನೋಡು,” ಎಂದ ಪುನೀತ್.

“ಪ್ರೋಗ್ರಾಮ್ ಹದಿನಾಲ್ಕು ಸಲ ನೋಡಿದೀನಿ. ಜಾರಾ, ನಿನ್ನ ವೈರಿಂಗ್ ನೋಡು.”

“ವೈರಿಂಗ್ ಸರಿ ಇದೆ ಕಣೇ. ಚಕ್ರ ನೋಡಿ. ಒಂದು ದೊಡ್ಡದು, ಒಂದು ಚಿಕ್ಕದು ಅನ್ಸುತ್ತೆ.”

ಪುನೀತ್ ಎದ್ದು ನಿಂತ. “ನಮ್ಮ ತಾತ ಐವತ್ತು ವರ್ಷದಿಂದ ಲೇತ್ ಮೇಲೆ ಮರದ ಬೊಂಬೆ ತಿರುಗಿಸ್ತಾವ್ರೆ. ಅವರು ಕೈಯಾರೆ ಮಾಡಿಕೊಟ್ಟಿರೋ ಚಕ್ರ ಅದು. ಚಕ್ರದ ವಿಷಯಕ್ಕೆ ಬರಬೇಡ!”

ಸಂಜೆ ಹೊತ್ತಿಗೆ ಮೂವರೂ ಮಾತು ಬಿಟ್ಟಿದ್ದರು. ಪುಟ್ಟಗೌರಮ್ಮ ಮೂರು ಮೂಲೆಗೆ ಮೂರು ತಟ್ಟೆ ತೆಗೆದುಕೊಂಡು ಹೋಗಿ ಬಡಿಸಿದಳು.

ಭಾನುವಾರ ಬೆಳಗ್ಗೆ ಎಂಟಕ್ಕೆ ಕೊಟ್ಟಿಗೆಯ ಹಿಂದೆ ಊರೇ ಸೇರಿತ್ತು. ಚಿಕ್ಕಯ್ಯ ಇಬ್ಬರು ಭಾವಮೈದುನರನ್ನು ಕರೆಸಿಕೊಂಡು ಚಪ್ಪಡಿಗೆ ಒರಗಿ ನಿಂತಿದ್ದ. ಭದ್ರಮ್ಮ ನಲವತ್ತು ಕುರಿಯೊಂದಿಗೆ ಬಂದಿದ್ದಳು. ಗಣೇಶ್ ನಕಾಶೆ, ಟೇಪು ಹಿಡಿದು, ಹೆಲ್ಮೆಟ್ ಕೂಡ ತೆಗೆಯದೆ ನಿಂತಿದ್ದ. ಸ್ವಾಮಿ, ಗೌಸ್ ಇಬ್ಬರೂ ಕುದೂರಿನಿಂದ ಬಂದಿದ್ದರು. ಗೌಸ್ ಟೀ ಕ್ಯಾನನ್ನೂ ತಂದಿದ್ದ.

ಚೆಲುವಯ್ಯ ಹಜಾರಕ್ಕೆ ನುಗ್ಗಿ ರೋಬೋವನ್ನು ಎತ್ತಿಕೊಂಡು ಹೊರಟ. ಹಲ್ಲುಜ್ಜುತ್ತಿದ್ದ ನಯನ ಬ್ರಷ್ ಹಿಡಿದುಕೊಂಡೇ ಹಿಂದೆ ಓಡಿದಳು. ಅವಳ ಹಿಂದೆ ಜಾರಾ, ಪುನೀತ್.

ಅವನ ಕೈಯಲ್ಲಿದ್ದುದನ್ನು ನೋಡಲು ಊರೆಲ್ಲ ಕತ್ತು ಚಾಚಿತು.

“ಇದಾ?” ಎಂದ ಚಿಕ್ಕಯ್ಯ.

“ಇದನ್ನ ಸೀಜ್ ಮಾಡಿ ಎಲ್ಲಿ ಇಡ್ಲಿ?” ಎಂದ ಗಣೇಶ್. ಇನ್ನಷ್ಟು ದೊಡ್ಡ ವಸ್ತುವಿಗೆಂದು ಸಿದ್ಧ ಮಾಡಿಕೊಂಡು ಬಂದಿದ್ದ ಸಿಟ್ಟು ಅವನಲ್ಲಿ ಹಾಗೇ ಉಳಿದುಹೋಯಿತು.

“ಅಪ್ಪಾ, ಏನಿದು? ಕೊಡಿಲ್ಲಿ!” ಎಂದಳು ನಯನ.

ಚೆಲುವಯ್ಯ ಕೊಡಲಿಲ್ಲ. ಚಪ್ಪಡಿ ಬೇಲಿಯ ಪಕ್ಕದ ಗಟ್ಟಿ ನೆಲದ ಮೇಲೆ ಇಟ್ಟು ಗುಂಡಿ ಒತ್ತಿದ. ರೋಬೋ ಕುಂಟುತ್ತ ಹೊರಟಿತು. ಎಡಗಡೆ ಕಲ್ಲಿನ ಗೋಡೆ ಸಿಕ್ಕಿತಲ್ಲ, ಅದನ್ನೇ ಹಿಡಿದು ತೆವಳಿತು. ಚಪ್ಪಡಿಯ ಸಾಲು ಮುಗಿಯಿತು, ಹಿಡಿದುಕೊಳ್ಳಲು ಗೋಡೆಯಿಲ್ಲ. ಅದಕ್ಕೆ ತನ್ನ ಹಳೆಯ ಚಾಳಿ ನೆನಪಾಯಿತು. ಬಲಕ್ಕೆ ವಾಲಿತು. ಎದುರಿಗಿದ್ದ ಕುರಿಯನ್ನು ಕಂಡು ನಿಲ್ಲಲೂ ಇಲ್ಲ, ನೇರವಾಗಿ ಹೋಗಿ ಗುದ್ದಿತು. ಕುರಿಗಳು ಚೆಲ್ಲಾಪಿಲ್ಲಿಯಾದವು.

“ಉಣ್ಣೆ!” ಎಂದು ಜಾರಾ ಕೂಗಿದಳು. “ಉಣ್ಣೆ ಶಬ್ದ ಹೀರ್ಕೊಳ್ಳುತ್ತೆ! ವಾಪಸ್ ಕಳಿಸಲ್ಲ! ಅದಕ್ಕೆ ಕುರಿ ಕಾಣ್ತಿಲ್ಲ!” ಈ ವೈಜ್ಞಾನಿಕ ಸತ್ಯವನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ಏಕೆಂದರೆ ರೋಬೋ ಕುರಿಗಳ ನಡುವೆ ತೂರಿ, ಚೆಲುವಯ್ಯನ ಕೊಟ್ಟಿಗೆಯ ಗೋಡೆಗೆ ಮೂತಿ ಒತ್ತಿ ನಿಂತಿತ್ತು.

ಚಿಕ್ಕಯ್ಯ ಎರಡೂ ಕೈ ಮೇಲೆತ್ತಿದ. “ನೋಡ್ರಪ್ಪೋ! ಮಿಷನ್ನು ಕೊಟ್ಟಿಗೆ ತೋರಿಸ್ತು! ದಾರಿ ನುಂಗಿರೋನು ಚೆಲ್ವ! ಮಿಷನ್ ಸುಳ್ಳು ಹೇಳಲ್ಲ!”

“ಅದು ಮಕ್ಕಳು ಆಡೋ ಸಾಮಾನು ಕಣ್ರೋ!” ಎಂದು ಚೆಲುವಯ್ಯ ಅರಚಿದ. “ಅದುಕ್ಕೇನ್ ಗೊತ್ತಾಯ್ತದೆ?”

“ಸೋಮವಾರ ಮಿದುಳೈತೆ ಅಂದೆ?” ಎಂದ ಸ್ವಾಮಿ.

ಬಾಯಲ್ಲಿದ್ದ ಪೇಸ್ಟನ್ನು ಉಗಿದು ನಯನ ಮುಂದೆ ಬಂದಳು. ಅಪ್ಪನ ಕೋಪ ಊರಿಗೆಲ್ಲ ಪರಿಚಯವಿತ್ತು. ಮಗಳದನ್ನು ಅಂದು ಮೊದಲ ಸಲ ನೋಡಿದರು.

“ಯಾರಾದ್ರೂ ನನ್ನ ಒಂದು ಮಾತು ಕೇಳಿದ್ರಾ, ಇದು ಏನು ಮಾಡ್ತದೆ ಅಂತ? ಇದು ಬಲಕ್ಕೆ ವಾಲ್ತದೆ, ಅದು ಇದರ ಕಾಯಿಲೆ! ಗೋಡೆ ಇದ್ರೆ ಗೋಡೆ ಪಕ್ಕ ಹೋಗ್ತದೆ, ಅಷ್ಟೇ. ಮುಚ್ಚಿರೋ ದಾರಿ ಇದಕ್ಕೆ ಗೊತ್ತಿಲ್ಲ. ನಿಮಗೆಲ್ಲ ಗೊತ್ತು! ಭದ್ರಜ್ಜಿ ಆರು ವರ್ಷದಿಂದ ಸುತ್ತು ಹಾಕೋದನ್ನ ದಿನಾ ನೋಡ್ತೀರಿ. ಸಾರ್, ನಿಮ್ಮ ಕೈಲಿ ನಕಾಶೆ ಐತಲ್ಲ? ಇದನ್ನ ಹಿಡಿಯೋಕೆ ಬಂದ್ರಾ, ಅಳೆಯೋಕೆ ಬಂದ್ರಾ?”

“ಅಳತೆ ಅಂದ್ರೆ ಏನು ಅಂತ ನಿನಗೆ ತೋರಿಸ್ತೀನಮ್ಮಾ,” ಎಂದು ಗಣೇಶ್ ಹೆಲ್ಮೆಟ್ ತೆಗೆದು ನೆಲಕ್ಕೆ ಬಡಿದ. “ಟೇಪ್ ಹಿಡಿ!”

ಪುನೀತ್ ಒಂದು ತುದಿ ಹಿಡಿದ. ಗಣೇಶ್ ಕೆರೆ ಏರಿಯ ಸರ್ವೆ ಕಲ್ಲಿನಿಂದ ಶುರುಮಾಡಿ, ಮುಳ್ಳು, ಸಗಣಿ ಯಾವುದನ್ನೂ ಲೆಕ್ಕಿಸದೆ ಎರಡು ಗಂಟೆ ಅಳೆದ. ಸಿಟ್ಟಿನಲ್ಲಿ ಅಳೆದ ಅಳತೆ ಒಂದಂಗುಲವೂ ಆಚೀಚೆ ಆಗುವುದಿಲ್ಲ. ಕೊನೆಗೆ ನಕಾಶೆ ಮಡಿಸಿ ಹೇಳಿದ. “ಬಂಡಿದಾರಿ ಹದಿನೈದು ಅಡಿ. ಚಿಕ್ಕಯ್ಯನ ಚಪ್ಪಡಿ ಏಳಡಿ ಒಳಗೆ ಬಂದಿದೆ. ಚೆಲುವಯ್ಯನ ಕೊಟ್ಟಿಗೆ ಐದಡಿ ಒಳಗೆ ಬಂದಿದೆ. ಮಿಕ್ಕಿರೋದು ಮೂರಡಿ.”

ಕೊಟ್ಟಿಗೆ ಕಟ್ಟಿ ಒಂಬತ್ತು ವರ್ಷವಾಗಿತ್ತು. ಅಂದರೆ ದಾರಿ ನುಂಗಿದವರಲ್ಲಿ ಚೆಲುವಯ್ಯನೇ ಹಿರಿಯ.

“ಪಾಯ ತೋಡೋವಾಗ್ಲೇ ಬಡ್ಕಂಡೆ, ಒಸಿ ಈಚೆಗೆ ಹಾಕ್ರಿ ಅಂತ,” ಎಂದಳು ಪುಟ್ಟಗೌರಮ್ಮ. ಚೆಲುವಯ್ಯ ಯಾರ ಮೇಲೆ ರೇಗಲಿ ಎಂದು ಸುತ್ತ ನೋಡಿದ. ಆ ದಿನ ಯಾರೂ ಖಾಲಿ ಇರಲಿಲ್ಲ, ಎಲ್ಲರೂ ಅವನ ಮೇಲೇ ರೇಗಿದ್ದರು.

ಭದ್ರಮ್ಮ ಆ ಮೂರಡಿ ಸಂದಿಯ ನಡುವೆ ಕಾಲು ಚಾಚಿ ಕೂತಳು. “ನೀನೂ ಅದನ್ನೇ ಮಾಡಿದ್ಯಾ ಚೆಲುವಣ್ಣ? ನಿನಗೆ ಕೈ ಮುಗಿದ್ನಲ್ಲೋ! ಇಬ್ರೂ ಕಿತ್ಕಳ್ಳಿ. ಅಲ್ಲೀಗಂಟ ನಾನು ಏಳಾಕಿಲ್ಲ. ನನ್ ಕುರಿ ಎಲ್ಲಿ ಬೇಕೋ ಅಲ್ಲಿ ಮೇಯ್ತವೆ.”

ಕುರಿಗಳಿಗೆ ಆಗಲೇ ವಿಷಯ ತಿಳಿದಿತ್ತು. ಇಪ್ಪತ್ತು ಚಿಕ್ಕಯ್ಯನ ರಾಗಿಗೆ, ಇಪ್ಪತ್ತು ಚೆಲುವಯ್ಯನ ಹುಲ್ಲಿನ ಮೆದೆಗೆ ಬಾಯಿ ಹಾಕಿದ್ದವು.

“ಅವ್ನು ಮೊದ್ಲು ಕೀಳ್ಲಿ,” ಎಂದ ಚಿಕ್ಕಯ್ಯ.

“ಏಳಡಿಯೋನು ಮೊದ್ಲು ಕೀಳ್ಲಿ,” ಎಂದ ಚೆಲುವಯ್ಯ.

ನಯನ ಕೊಟ್ಟಿಗೆಯೊಳಗೆ ಹೋಗಿ ಎಮ್ಮೆಯನ್ನು ಆಚೆ ಕಟ್ಟಿದಳು. ಹಾರೆ ತಂದಳು. ಗೋಡೆಗೆ ಒಂದು ಕುಕ್ಕು ಕುಕ್ಕಿದಳು. ಒಂದು ಹಿಡಿ ಮಣ್ಣು ಉದುರಿತು. ಇನ್ನೊಂದು ಕುಕ್ಕಿದಳು. ಹಾರೆ ಜಾರಿ ಕಾಲ ಹತ್ತಿರ ಬಿತ್ತು.

“ಕೊಡಿಲ್ಲಿ!” ಚೆಲುವಯ್ಯ ನುಗ್ಗಿ ಹಾರೆ ಕಸಿದುಕೊಂಡ. “ಹಾರೆ ಹಿಡಿಯಕ್ಕೆ ಬರಲ್ಲ, ಗೋಡೆ ಕೆಡವ್ತಾಳಂತೆ! ಹಿಂಗ್ ಹಿಡೀಬೇಕು! ಹಿಂಗ್ ಹಾಕ್ಬೇಕು!” ಹೇಗೆ ಹಾಕಬೇಕು ಎಂದು ತೋರಿಸುವ ಆವೇಶದಲ್ಲಿ ಅವನು ಅರ್ಧ ಗೋಡೆ ಕೆಡವಿದ್ದ. ಕೆಡವುತ್ತಿರುವುದು ತನ್ನದೇ ಗೋಡೆ ಎಂದು ನೆನಪಾಗುವಷ್ಟರಲ್ಲಿ ಊರು ಕೂಗು ಹಾಕಿತು.

ಆ ಕೂಗನ್ನು ಚಿಕ್ಕಯ್ಯನಿಗೆ ಸಹಿಸಲಾಗಲಿಲ್ಲ. “ಚೆಲ್ವ ಮುಗ್ಸೋದ್ರೊಳಗೆ ನಮ್ದು ಮುಗೀಬೇಕು ಕಣ್ರೋ!” ಎಂದು ಭಾವಮೈದುನರನ್ನು ಕರೆದು ಮೊದಲ ಚಪ್ಪಡಿಗೆ ಕೈ ಹಾಕಿದ. ಆಮೇಲೆ ಒಂದು ಗಂಟೆ ಇಬ್ಬರೂ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯುತ್ತ, ಒಬ್ಬರಿಗಿಂತ ಒಬ್ಬರು ಜೋರಾಗಿ, ತಮ್ಮ ತಮ್ಮ ಒತ್ತುವರಿಯನ್ನು ತಾವೇ ತೆರವು ಮಾಡಿದರು. ಗೌಸ್ ಎರಡೂ ಕಡೆಗೆ ಟೀ ಕೊಟ್ಟ. ಗಣೇಶ್ ಮಹಜರು ಬರೆದು ಇಬ್ಬರ ಸಹಿ ಹಾಕಿಸಿದ.

ಅಳೆಯುವ ಹುರುಪು ಗಣೇಶನಿಗೆ ಇನ್ನೂ ಇಳಿದಿರಲಿಲ್ಲ. ಕೊಟ್ಟಿಗೆಯ ಪಕ್ಕ ಮೂವರು ಹುಡುಗರು ಮತ್ತೆ ಜಗಳವಾಡುತ್ತಿದ್ದುದನ್ನು ನೋಡಿ ಅಲ್ಲಿಗೆ ಹೋದ.

“ಏನದು ಗಲಾಟೆ?”

“ಚಕ್ರ ಸರಿ ಇಲ್ಲ ಅಂತಾಳೆ ಸಾರ್ ಇವಳು.”

“ಅಳೆದ್ರಾ?”

ಮೂವರೂ ಚಕ್ರದ ಕಡೆ ನೋಡಿದರು. ಹದಿನಾಲ್ಕು ಸಲ ಪ್ರೋಗ್ರಾಮ್ ನೋಡಿದ್ದರು, ಎರಡು ಸಲ ವೈರು ಬಿಚ್ಚಿ ಕಟ್ಟಿದ್ದರು, ಒಂದು ದಿನ ಮಾತು ಬಿಟ್ಟಿದ್ದರು. ಚಕ್ರವನ್ನು ಯಾರೂ ಅಳೆದಿರಲಿಲ್ಲ.

“ಇಂಜಿನಿಯರ್‌ಗಳಂತೆ!” ಎಂದು ಗಣೇಶ್ ಮಹಜರಿನ ಕಾಗದದ ಅಂಚು ಹರಿದು, ಒಂದೊಂದು ಚಕ್ರಕ್ಕೂ ಸುತ್ತಿ, ಗುರುತು ಹಾಕಿ, ಸ್ಕೇಲಿಟ್ಟ. “ಎಡಗಡೇದು ಸುತ್ತಳತೇಲಿ ಮೂರು ಮಿಲಿಮೀಟರ್ ಜಾಸ್ತಿ.”

ಜಾರಾ ನಕ್ಕಳು, ಅದು ‘ನಾನು ಹೇಳಿರಲಿಲ್ವಾ’ ಎನ್ನುವುದಕ್ಕಿಂತ ಕೆಟ್ಟದಾಗಿತ್ತು. ಪುನೀತ್ ಹಲ್ಲು ಕಚ್ಚಿಕೊಂಡು ಚಕ್ರ ಬಿಚ್ಚಿ, ನೆಲಕ್ಕೊರಗಿದ್ದ ಚಿಕ್ಕಯ್ಯನ ಚಪ್ಪಡಿಯ ಮೇಲೆ ತಿರುಗಿಸಿ ತಿರುಗಿಸಿ ಉಜ್ಜಿದ. ಅವನ ಕೋಪಕ್ಕೆ ಮೂರು ಮಿಲಿಮೀಟರ್ ಹದಿನೈದು ನಿಮಿಷದಲ್ಲಿ ಹೋಯಿತು.

ಇಳಿಹೊತ್ತಿನಲ್ಲಿ ಹಜಾರದಲ್ಲಿ ರೋಬೋ ನೆಟ್ಟಗೆ ಓಡಿತು. ಚೆಲುವಯ್ಯ ಅಂಗೈಯ ಬೊಬ್ಬೆಗೆ ಎಣ್ಣೆ ಹಚ್ಚಿಕೊಂಡು ಬಾಗಿಲಲ್ಲಿ ಕೂತು ನೋಡಿದ. ಅದು ಎಡ ಹಿಡಿದು ಹೋಯಿತು. ಮುಂದೆ ರಟ್ಟು ಅಡ್ಡ ಬಂತು. ನಿಂತಿತು, ತಿರುಗಿತು, ಬಂದ ದಾರಿಯಲ್ಲೇ ವಾಪಸ್ ಬಂದು ಇನ್ನೊಂದು ಸಂದಿ ಹೊಕ್ಕಿತು. ಇನ್ನೆರಡು ತಿರುವು ದಾಟಿ ಆಚೆ ಬಂತು. ಮೂವರೂ ಕಿರುಚಿದರು. ಪುನೀತ್ ಜಾರಾಳ ಕೈ ಕುಲುಕಿ, ತಕ್ಷಣ ನಾಚಿಕೊಂಡು ಬಿಟ್ಟ.

ನಯನ ಅಪ್ಪನ ಪಕ್ಕ ಬಂದು ಕೂತಳು. ಬೆಳಗಿನ ಸಿಟ್ಟು ಅವಳಲ್ಲಿ ಇನ್ನೂ ಪೂರ್ತಿ ಇಳಿದಿರಲಿಲ್ಲ. “ನೋಡಿದ್ರಾ ಅಪ್ಪಾ? ತಪ್ಪು ದಾರೀಗೆ ಹೋಯ್ತು. ಯಾರ ಮೇಲೂ ಕೂಗಾಡ್ಲಿಲ್ಲ. ತಿರುಗ್ಕೊಂಡು ಬಂತು.”

ಚೆಲುವಯ್ಯ ಬೊಬ್ಬೆಗೆ ಇನ್ನಷ್ಟು ಎಣ್ಣೆ ಹಚ್ಚಿಕೊಂಡ.

“ಅದುಕ್ಕೇನವ್ವ ಕಷ್ಟ,” ಎಂದ. “ಊರೋರು ಸುತ್ತ ನಿಂತು ನೋಡ್ತಿರ್ಲಿಲ್ಲ. ನೋಡ್ತಿದ್ದಿದ್ರೆ ಅದೂ ಗೋಡೆನೇ ಗುದ್ತಿತ್ತು.”

ಹೊರಗೆ ಭದ್ರಮ್ಮನ ಕುರಿಗಳು ಕೆರೆಯ ಕಡೆಯಿಂದ ವಾಪಸ್ ಬರುತ್ತಿದ್ದವು. ಬಿದ್ದ ಗೋಡೆಯ ಮಣ್ಣಿನ ಪಕ್ಕ ಒಂದು ಮರಿ ಮುಂದೆ ಹೋಗಲೋ ಬೇಡವೋ ಎಂದು ಅನುಮಾನಿಸಿ ನಿಂತಿತ್ತು. ಚೆಲುವಯ್ಯ ಧಡಾರನೆ ಎದ್ದು ಹೋಗಿ ಅದನ್ನು ಗದರಿದ.

“ನಡೀಲೇ ಮುಂಡೇದೇ! ಕಣ್ ಕಾಣಲ್ವಾ? ದಾರಿ ಐತಲ್ಲ!”